ದಿವಾನಖಾನೆಯಲ್ಲಿ ಎಮ್ಮೆ

ನಾವು ಹೊಲದ ಮನೆಗೆ ಬಂದ ಹೊಸದರಲ್ಲಿ, ನೋಡಲು ಬಂದವರೆಲ್ಲ ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಬಕೆಟ್ಟಿನ ನೀರಲ್ಲಿ ಕಾಲು ತೊಳೆದು ಒಳಗೆ ಬರುತ್ತಿದ್ದರು. ಈ ಶಿಷ್ಟಾಚಾರಕ್ಕೆ ಸೊಪ್ಪು ಹಾಕದವಳು ಒಬ್ಬಳೇ. ಸಂಜೆಯಾದೊಡನೆ ಹೊಲದಿಂದ ಬಂದು, ಯಾರನ್ನೂ ಮಾತಾಡಿಸದೆ, ಬಾಗಿಲ ಚೌಕಟ್ಟಿಗೆ ಎರಡೂ ಪಕ್ಕೆಗಳನ್ನು ಉಜ್ಜಿಕೊಂಡು, ಕಾಲಿನ ಕೆಸರಿನ ಸಮೇತ ಒಳಗೆ ನಡೆದುಬಿಡುತ್ತಿದ್ದಳು. ಅವಳ ಹೆಸರು ದೊಡ್ಡಾಕಿ. ಕುಲದಿಂದ ಎಮ್ಮೆ. ಗಾತ್ರದಲ್ಲಿಯೂ ಗಾಂಭೀರ್ಯದಲ್ಲಿಯೂ ಆ ಮನೆಗೆ ಅವಳೇ ಹಿರಿಯಳಾದ್ದರಿಂದ ಅವಳನ್ನು 'ಅದು' ಎನ್ನಲು ನನಗೆ ಇವತ್ತಿಗೂ ನಾಲಗೆ ಏಳುವುದಿಲ್ಲ.

ನಮ್ಮದು ಗಂಗಾವತಿಯಲ್ಲಿ ಬಳೆ, ಕುಂಕುಮ, ರಿಬ್ಬನ್ನು, ಪ್ಲಾಸ್ಟಿಕ್ ಹೂವುಗಳ ಅಂಗಡಿ. ಮದುವೆಯಾದಂದಿನಿಂದ ಗಂಡ ಹೆಂಡತಿ ಇಬ್ಬರೂ ಆ ಗಲ್ಲಿಯಂಥ ಅಂಗಡಿಯಲ್ಲಿ ಅಡ್ಡಡ್ಡ ನಿಂತು ಬದುಕಿದೆವು. ನೇರವಾಗಿ ನಿಂತರೆ ಗಿರಾಕಿಗೆ ಜಾಗವಿರುತ್ತಿರಲಿಲ್ಲ. ಒಂದು ದಿನ ನಮ್ಮ ಯಜಮಾನರು ಮೊಬೈಲಿನಲ್ಲಿ ಯಾರೋ ಒಬ್ಬ ನಗುಮುಖದ ರೈತ ಪಪ್ಪಾಯಿ ಗಿಡವನ್ನು ತಬ್ಬಿಕೊಂಡು ನಿಂತ ವಿಡಿಯೊ ನೋಡಿದರು. ಅಲ್ಲಿಗೆ ನಮ್ಮ ಹಣೆಬರಹ ತಿರುಗಿತು. ಅಂಗಡಿ ಮೈದುನನ ಪಾಲಾಯಿತು, ಹನುಮಸಾಗರದ ಆಚೆ ಒಂದು ತುಂಡು ಹೊಲ ನಮ್ಮ ಪಾಲಾಯಿತು. ನನ್ನನ್ನು ಕೇಳಿದಾಗ ನಾನು "ಆಗಲಿ" ಎಂದೆ. ನಮ್ಮ ಸಂಸಾರದಲ್ಲಿ ಆ ಪದಕ್ಕೆ ಒಪ್ಪಿಗೆ ಎಂಬ ಅರ್ಥವಿಲ್ಲ. ಆಮೇಲೆ ನೋಡೋಣ ಎಂದಷ್ಟೇ ಅರ್ಥ. ಹೊಲಕ್ಕೆ ಬಂದ ಮೇಲೂ ನನ್ನ ಸೀರೆಯ ಟ್ರಂಕಿಗೆ ಬೀಗ ಹಾಗೇ ಇತ್ತು, ನಾಳೆ ಮತ್ತೆ ಹೊರಡಬೇಕಾದವರ ಹಾಗೆ.

ಹೊಲದ ಜೊತೆ ಮನೆ ಬಂತು, ಮನೆಯ ಜೊತೆ ಎಮ್ಮೆ ಬಂತು. ಮಾರಿದವಳು ಶಾಂತವ್ವ ಎಂಬ ಗಟ್ಟಿಗಿತ್ತಿ. ಊರೊಳಗೆ ಸಿಮೆಂಟಿನ ಮನೆ ಕಟ್ಟಿಸಿಕೊಂಡಿದ್ದಳು. ಅಲ್ಲಿ ದೊಡ್ಡಾಕಿಗೆ ಜಾಗವಿರಲಿಲ್ಲ. ಹೊಲದ ಮನೆಯಾದರೋ ಹಳೆಯ ಪದ್ಧತಿಯದು: ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಬಾಗಿಲು ದಾಟಿದ ಕೂಡಲೇ ದನ ಕಟ್ಟುವ ತಗ್ಗಿನ ಜಾಗ, ಅದರ ಮೂಲೆಗೆ ಮೇವು ಹಾಕುವ ಗ್ವಾದಲಿ. ಆ ತಗ್ಗಿಗೆ ದಂದಕ್ಕಿ ಎನ್ನುತ್ತಾರೆ. ಅದನ್ನು ದಾಟಿ ಮೆಟ್ಟಿಲು ಹತ್ತಿದರೆ ಮನುಷ್ಯರ ಪಡಸಾಲೆ. ಅಂದರೆ ಈ ಮನೆ ಕಟ್ಟಿದ ಪುಣ್ಯಾತ್ಮರು ಮೊದಲು ದನಗಳಿಗೆ ಜಾಗ ಹಿಡಿದು, ಉಳಿದದ್ದರಲ್ಲಿ ತಾವು ಹೊಂದಿಕೊಂಡಿದ್ದರು. ಉಣ್ಣುವಾಗ ದೊಡ್ಡಾಕಿ ನಮ್ಮನ್ನು ನೋಡುತ್ತಿದ್ದಳು, ಅವಳು ಮೆಲುಕು ಹಾಕುವಾಗ ನಾವು ಅವಳನ್ನು ನೋಡುತ್ತಿದ್ದೆವು. ಟಿವಿ ಇನ್ನೂ ಬಂದಿರಲಿಲ್ಲ.

ಹಳೆಯ ಮನೆಯೊಂದನ್ನು ರಿಪೇರಿಗೆ ಎತ್ತಿಕೊಂಡು ನೋಡಿ, ನಿಮಗೆ ಎಷ್ಟು ಜನ ಹಿತೈಷಿಗಳಿದ್ದಾರೆಂದು ತಿಳಿಯುತ್ತದೆ. ಬಾಗಿಲು ಈ ಕಡೆ ಬೇಡ ಎಂದು ಒಬ್ಬರು, ಕಿಟಕಿ ಆ ಕಡೆ ಬೇಕು ಎಂದು ಇನ್ನೊಬ್ಬರು. ವಾಸ್ತು ಬಲ್ಲವರೊಬ್ಬರು ನಮ್ಮ ಬಾವಿಯನ್ನೇ ಒಂದಿಷ್ಟು ಸರಿಸಲು ಸೂಚಿಸಿದರು. ಗೋಡೆ ಕಟ್ಟುವ ಗೌಂಡಿ ಮಾತ್ರ ಯಾವ ಸಲಹೆಯನ್ನೂ ಕೊಡಲಿಲ್ಲ, ಏಕೆಂದರೆ ಅವನು ಬರುತ್ತಲೇ ಇರಲಿಲ್ಲ. "ನಾಳಿ ಬರ್ತೀನ್ರಿ" ಎನ್ನುವ ಅವನ ದನಿಯಲ್ಲಿ ಎಂಥ ಪ್ರಾಮಾಣಿಕತೆ ಇರುತ್ತಿತ್ತೆಂದರೆ, ನಾಳೆ ಎಂಬುದು ಬಾರದೆ ಹೋದದ್ದು ಅವನ ತಪ್ಪಲ್ಲ ಎಂದೇ ನನಗೆ ಅನಿಸುತ್ತಿತ್ತು. ಕಡೆಗೂ ಅವನು ಬಂದು ಗೋಡೆಗೆ ಗಿಲಾವು ಮೆತ್ತಿದಾಗಲೂ ಮಾಳಿಗೆಯ ಮಣ್ಣು ಕೆದರಿದಾಗಲೂ ದೊಡ್ಡಾಕಿ ತನ್ನ ಮೂಲೆ ಬಿಟ್ಟು ಕದಲಲಿಲ್ಲ. ಸುಣ್ಣದ ಧೂಳು ಬಿದ್ದು ಅರ್ಧ ಬೆಳ್ಳಗಾಗಿ, ಒಂದು ವಾರ ಆಕಳಿನ ಹಾಗೆ ಕಂಡಳು.

ಈ ನಡುವೆ ನಾನು ಹಾಲು ಹಿಂಡುವುದನ್ನು ಕಲಿತೆ. ಕಲಿಸಿದವಳು ಶಾಂತವ್ವ. ಮೊದಲ ವಾರ ದೊಡ್ಡಾಕಿ ನನ್ನ ಕೈ ತಾಗಿದೊಡನೆ ಕಾಲು ಝಾಡಿಸುತ್ತಿದ್ದಳು. ಬಳೆಯ ಸದ್ದು ಅವಳಿಗೆ ಸೇರುತ್ತಿರಲಿಲ್ಲ. ಬಳೆ ಮಾರಿಯೇ ಬದುಕಿದ ನಾನು ಬಳೆಗಳನ್ನು ಕಳಚಿಟ್ಟು ಕೂತೆ. ಒಂದು ಸಂಜೆ ಕೆಚ್ಚಲು ಬಿಗಿದು ಹಾಲು ತಾನಾಗಿ ಇಳಿಯಿತು. ಇದಕ್ಕೆ ತೊರೆ ಬಿಡುವುದು ಎನ್ನುತ್ತಾರೆ. ಎಮ್ಮೆಗೆ ಮನಸ್ಸಿಲ್ಲದಿದ್ದರೆ ಯಾವ ಪಹಿಲ್ವಾನನಿಗೂ ಅದನ್ನು ಬಿಡಿಸಲಾಗದು. ಶಾಂತವ್ವ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಮೆಲ್ಲುತ್ತ, "ಆಕಿ ನಿನ್ನ ಒಪ್ಪ್ಯಾಳ ನೋಡವ್ವ. ಇನ್ನ ಬ್ಯಾರೆದವ್ರ ಕೈಗೆ ಬಗ್ಗಂಗಿಲ್ಲ" ಎಂದಳು.

ಸಲುಗೆಯಿಂದ ನಿಮಗೆ ಹೇಳುತ್ತೇನೆ, ನನಗೆ ಅಳು ಬಂತು. ಆ ಹೊಲದಲ್ಲಿ ನನಗೆ ಬೇರೆ ಏನೂ ಬರುತ್ತಿರಲಿಲ್ಲ. ಕಸ ಕೀಳಲು ಹೋದರೆ ಪೈರು ಕೀಳುತ್ತಿದ್ದೆ. ಬದುವಿನ ಮೇಲೆ ನಡೆದರೆ ಬೀಳುತ್ತಿದ್ದೆ. ದಿನಕ್ಕೆ ಎರಡು ಸಲ ಈ ಕಪ್ಪು ಪ್ರಾಣಿಯ ಬೆಚ್ಚಗಿನ ಪಕ್ಕೆಗೆ ಹಣೆ ಆನಿಸಿ ಕೂತಾಗ ಮಾತ್ರ ನಾನು ಇಲ್ಲಿಗೆ ಬೇಕಾದವಳು ಅನಿಸುತ್ತಿತ್ತು. ಒಂದು ಬೆಳಿಗ್ಗೆ ಟ್ರಂಕಿನ ಬೀಗ ತೆಗೆದು ಸೀರೆಗಳನ್ನು ಗೂಡಿನಲ್ಲಿ ಜೋಡಿಸಿದೆ. ಯಜಮಾನರು ಅದನ್ನು ಗಮನಿಸಲಿಲ್ಲ. ಅವರು ಆಗ ಕಲ್ಲು ಆರಿಸಲು ಇಳಕಲ್ಲಿಗೆ ಹೋಗಿದ್ದರು.

ದಂದಕ್ಕಿಯನ್ನು ತುಂಬಿಸಿ, ಪಡಸಾಲೆಯ ಮಟ್ಟಕ್ಕೆ ತಂದು, ಕೆಂಪು ಗ್ರಾನೈಟ್ ಹಾಸಿ ದಿವಾನಖಾನೆ ಮಾಡುವುದು ಅವರ ಯೋಜನೆ. ನಾನು ಎಮ್ಮೆಯ ಮಾತೆತ್ತಿದಾಗ, "ಮನಿಗೆ ಬಂದವ್ರು ಕುಂದ್ರಾಕ ಒಂದು ಜಾಗ ಬೇಕೋ ಬ್ಯಾಡೋ? ದನದ ಮಗ್ಗಲಕ ಕುಂದ್ರಿಸಿ ಚಾ ಕೊಡೂದೇನು?" ಎಂದರು. ಸಾಣಾಪುರದ ಕಡೆಯ ರೆಸಾರ್ಟುಗಳಿಗೆ ಪೇಟೆಯ ಜನ ಸೆಗಣಿ ಸಾರಿಸಿದ ನೆಲದ ಮೇಲೆ ಮಲಗುವುದಕ್ಕೆ ಎಲ್ಲೆಲ್ಲಿಂದಲೋ ಬರುತ್ತಾರೆ, ನಮ್ಮಲ್ಲಿ ಆ ಭಾಗ್ಯ ಪುಕ್ಕಟೆ ಇದೆ ಎಂದು ನೆನಪಿಸಬಹುದಿತ್ತು. ಆದರೆ ಆ ಮನುಷ್ಯ ಜನ್ಮವಿಡೀ ಅಡ್ಡಡ್ಡ ನಿಂತವರು. ಒಂದು ಕಡೆ ಕಾಲು ಚಾಚಿ ಕೂಡುವ ಆಸೆ ಇದ್ದರೆ ಇರಲಿ ಎಂದುಕೊಂಡು, ಮತ್ತೆ "ಆಗಲಿ" ಎಂದೆ.

ಗ್ರಾನೈಟ್ ಬಂತು. ಗ್ವಾದಲಿ ಇದ್ದ ಮೂಲೆಯಲ್ಲಿ ಗಾಜಿನ ಶೋಕೇಸು ನಿಂತಿತು. ಹಿತ್ತಲಲ್ಲಿ ತಗಡಿನ ಶೆಡ್ಡು ಎದ್ದಿತು, ಫ್ಯಾನಿನ ಸಮೇತ. ದೊಡ್ಡಾಕಿ ಫ್ಯಾನನ್ನು ನೋಡಿದಳು, ನಮ್ಮನ್ನು ನೋಡಿದಳು, ತೊರೆ ಬಿಡುವುದನ್ನು ನಿಲ್ಲಿಸಿದಳು. ತಿನ್ನಲು ಶೇಂಗಾ ಹಿಂಡಿ ಇಟ್ಟೆ, ಹತ್ತಿಕಾಳು ಇಟ್ಟೆ, ಬಳೆ ಬಿಚ್ಚಿ ಪಕ್ಕೆಗೆ ಹಣೆ ಆನಿಸಿ ಬೇಡಿಕೊಂಡೆ. ಚಹಾದ ಬಣ್ಣ ಬದಲಾಗುವಷ್ಟೂ ಹಾಲಿಲ್ಲ. ಡಾಕ್ಟರು ಬಂದು ಸೂಜಿ ಚುಚ್ಚಿದರು. ಯಾರೋ ದೃಷ್ಟಿ ಎಂದರು, ಯಾರೋ ಹುಲಿಗೆಮ್ಮ ದೇವಿಯನ್ನು ಬೇಡಿಕೊಳ್ಳಿ ಎಂದರು. ನಾನು ಬೇಡಿಕೊಂಡೆ ಕೂಡ. ಸಂಜೆಯಾದರೆ ಅವಳು ಹಳೆಯ ದಾರಿಯಲ್ಲೇ ಬಂದು ಬಾಗಿಲಲ್ಲಿ ನಿಲ್ಲುವಳು, ಯಜಮಾನರು ಬಡಿಗೆ ಹಿಡಿದು ನಿಲ್ಲುವರು. ಕಣ್ಣು ತಪ್ಪಿಸಿ ಒಳಗೆ ಬಂದಾಗಲೆಲ್ಲ ಗ್ರಾನೈಟಿನ ಮೇಲೆ ಸೆಗಣಿ ಹಾಕಿ, ಫಿನಾಯಿಲಿನ ಖರ್ಚು ಹೆಚ್ಚಿಸಿ ಹೋಗುವಳು. ಕಡೆಗೆ ಅವರು, "ಹಾಲಿಲ್ಲದ ಎಮ್ಮಿ ಕಟ್ಟಿ ಏನ್ ಮಾಡೂದೈತಿ? ಗೃಹಪ್ರವೇಶದ ದಿನಾನ ದಲ್ಲಾಳಿಗೆ ಬರಾಕ ಹೇಳೀನಿ" ಎಂದರು. ಬೇಡ ಎನ್ನಲು ಹೊರಟೆ. ಆದರೂ ಬಾಯಿಗೆ ಬಂದದ್ದು ಅದೇ ಹಾಳು "ಆಗಲಿ."

ಗೃಹಪ್ರವೇಶದಲ್ಲಿ ಮೊದಲು ಒಳಗೆ ಬರಬೇಕಾದದ್ದು ಆಕಳು. ಈ ವಿಷಯದಲ್ಲಿ ನಮ್ಮ ಜನದ ನ್ಯಾಯ ನನಗೆ ಎಂದೂ ಅರ್ಥವಾಗಿಲ್ಲ. ಚಹಾಕ್ಕೆ ಎಮ್ಮೆಯ ಹಾಲು, ಮೊಸರಿಗೆ ಎಮ್ಮೆಯ ಹಾಲು, ಆರತಿ ಮಾತ್ರ ಆಕಳಿಗೆ. ದಪ್ಪ ಚರ್ಮದವರನ್ನು ಬೈಯಲು ಎಮ್ಮೆಯ ಹೆಸರು ಬೇಕು. ಯಮನಿಗೆ ವಾಹನ ಬೇಕಾದಾಗಲೂ ಅವಳ ಗಂಡನನ್ನೇ ಹಿಡಿದು ಕೊಟ್ಟೆವು. ನಮ್ಮಲ್ಲಿ ಆಕಳಿರಲಿಲ್ಲವಾಗಿ, ಪಕ್ಕದ ಹೊಲದವರ ಜರ್ಸಿಯನ್ನು ಕಡ ತಂದು, ಅರಿಸಿನ ಕುಂಕುಮ ಹಚ್ಚಿ, ಬಾಗಿಲಿಗೆ ನಿಲ್ಲಿಸಿದೆವು. ಹಾಲು ಉಕ್ಕಿಸುವುದಕ್ಕೆ ಹನುಮಸಾಗರದಿಂದ ಪಾಕೀಟಿನ ಹಾಲು ಬಂದಿತ್ತು.

ಜರ್ಸಿ ಒಂದು ಕಾಲನ್ನು ಗ್ರಾನೈಟಿನ ಮೇಲಿಟ್ಟಿತು. ಕಾಲು ಜಾರಿತು. ಅಲ್ಲಿಂದ ಮುಂದೆ ಶಾಸ್ತ್ರವಾಗಲಿ ಬೆಲ್ಲವಾಗಲಿ ಅದರ ಮನಸ್ಸನ್ನು ಬದಲಿಸಲಿಲ್ಲ. ಮುಂದಿನಿಂದ ಹಗ್ಗ ಜಗ್ಗುವವರು, ಹಿಂದಿನಿಂದ ನೂಕುವವರು. ನಡುವೆ ಪೂಜೆ ಮಾಡಿಸುವ ಅಯ್ಯನವರು ಪಂಚೆ ಎತ್ತಿ ಹಿಡಿದು, "ನಿಧಾನ್ರಿ, ಆಕಳಾ ಬಿದ್ರ ನನ್ನ ಮ್ಯಾಲ ಬರ್ತೈತಿ" ಎನ್ನುತ್ತಿದ್ದರು. ಇಷ್ಟು ದಿನ ಸೆಗಣಿ ಕಂಡರೆ ಕೆಂಡವಾಗುತ್ತಿದ್ದ ನಮ್ಮ ಯಜಮಾನರು, ಜರ್ಸಿ ಒಳಗೆ ಬಂದು ಒಂದಿಷ್ಟು ಸೆಗಣಿ ಹಾಕಿದರೆ ಶುಭವೆಂದು ಆರತಿ ತಟ್ಟೆ ಹಿಡಿದು ನಿಂತಿದ್ದರು. ಅದು ಬೆದರಿ, ಹಗ್ಗ ಬಿಡಿಸಿಕೊಂಡು, ತನ್ನ ಹೊಲದ ದಾರಿ ಹಿಡಿಯಿತು.

ಬಾಗಿಲು ತೆರೆದೇ ಇತ್ತು, ಬಡಿಗೆ ಹಿಡಿಯುವ ಕೈ ಆರತಿ ತಟ್ಟೆ ಹಿಡಿದಿತ್ತು. ಶೆಡ್ಡಿನಿಂದ ಗೂಟ ಕಿತ್ತುಕೊಂಡ ದೊಡ್ಡಾಕಿ ನೆಂಟರ ನಡುವಿನಿಂದ ಬಂದಳು. ಗ್ರಾನೈಟಿನ ಮೇಲೆ ಹೇಗೆ ನಡೆಯಬೇಕೆಂದು ಅವಳು ಕದ್ದು ಬಂದೇ ಕಲಿತಿದ್ದಳು. ಕಾಲೆತ್ತದೆ, ಒಂದೊಂದಾಗಿ ಸರಿಸುತ್ತ ಮೂಲೆಗೆ ಹೋಗಿ, ಶೋಕೇಸಿನ ಗಾಜಿಗೆ ಮೂತಿ ಹಚ್ಚಿ ನಿಂತಳು. ಅಲ್ಲಿ ಮೇವಿರಲಿಲ್ಲ, ಚೀನಿಯ ಬಟ್ಟಲುಗಳಿದ್ದವು. ಆದರೂ ನಿಂತಳು. ನೋಡನೋಡುತ್ತ ಕೆಚ್ಚಲು ಬಿಗಿಯಾಗಿ, ಹಾಲು ಹನಿಹನಿಯಾಗಿ ಕೆಂಪು ಕಲ್ಲಿನ ಮೇಲೆ ಬೀಳತೊಡಗಿತು.

ನಾನು ಯಾರನ್ನೂ ಕೇಳಲಿಲ್ಲ. ಹಾಲು ಉಕ್ಕಿಸಲು ತೊಳೆದಿಟ್ಟ ಹಿತ್ತಾಳೆಯ ಪಾತ್ರೆ ಎತ್ತಿಕೊಂಡು, ಕೈತುಂಬ ತೊಟ್ಟುಕೊಂಡಿದ್ದ ಬಳೆಗಳನ್ನು ಮೊಳಕೈಗೇರಿಸಿ, ರೇಷ್ಮೆ ಸೀರೆಯಲ್ಲಿಯೇ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಬಳೆ ಸದ್ದು ಮಾಡಿದವು. ಅವಳು ಕಾಲು ಝಾಡಿಸಲಿಲ್ಲ. ಪಾತ್ರೆಯಲ್ಲಿ ನೊರೆ ಏರಿತು. ಕಡೆಗೆ ಅಯ್ಯನವರೇ, "ಇದನ್ನ ಉಕ್ಕಿಸ್ರಿ. ಶಾಸ್ತ್ರ ನಾ ನೋಡ್ಕೊಂತೀನಿ" ಎಂದು ಪಾಕೀಟನ್ನು ಪಕ್ಕಕ್ಕೆ ಸರಿಸಿದರು.

ಊಟದ ಹೊತ್ತಿಗೆ ದಲ್ಲಾಳಿ ಬಂದ. ಹೋಳಿಗೆ ಉಂಡು, ಕೈ ಒರೆಸಿಕೊಂಡು, ಎಮ್ಮೆಯ ಹಲ್ಲು ನೋಡಲು ಎದ್ದ. ನಾನು ಯಜಮಾನರ ಬಳಿ ಹೋಗಿ, ದನಿ ಏರಿಸದೆ, "ಆಕಿ ಹೋದ್ರ ನಾನೂ ಗಂಗಾವತಿಗೆ ಹೋಗ್ತೀನ್ರಿ" ಎಂದೆ. ಅಷ್ಟು ವರ್ಷಗಳ ಸಂಸಾರದಲ್ಲಿ ನನ್ನ ಬಾಯಿಂದ ಅಂಥ ಮಾತನ್ನು ಅವರು ಕೇಳಿರಲಿಲ್ಲ. ದಲ್ಲಾಳಿಗೆ ಇನ್ನೊಂದು ಹೋಳಿಗೆ ಕಟ್ಟಿಸಿ ಕಳಿಸಿದರು. ಆಮೇಲೆ ಹೊಲದ ಕಡೆ ಹೋದವರು ಕತ್ತಲಾದ ಮೇಲೇ ಬಂದರು. ಸಿಟ್ಟೆಂದುಕೊಂಡೆ.

ಮರುದಿನ ಬೆಳಿಗ್ಗೆ ಹಾರೆಯ ಸದ್ದಿಗೆ ಎದ್ದು ಬಂದರೆ, ಶೋಕೇಸು ಪಡಸಾಲೆಗೆ ಸರಿದಿತ್ತು. ಯಜಮಾನರು ಬನಿಯನ್ನಿನಲ್ಲಿ ಮೂಲೆಗೆ ಕೂತು, ತಾವೇ ಆರಿಸಿ ತಂದ ಕಲ್ಲನ್ನು ತಾವೇ ಎಬ್ಬಿಸುತ್ತಿದ್ದರು. ಅಷ್ಟು ಚಂದದ ಕಲ್ಲು. ನಿಮ್ಮ ಆಸೆಯ ಜಾಗ, ಪೂರ್ತಿ ಕೀಳಬೇಡಿ ಎಂದೆ. ಅವರು ಹಾರೆ ಕೆಳಗಿಟ್ಟರು.

"ನನ್ನ ಆಸೆ ಯಾಕ? ಗಂಗಾವತ್ಯಾಗ ನಾಕ್ ಮಂದಿ ಬಂದ್ರ ಕುಂದ್ರಾಕ ಜಾಗಿಲ್ಲ, ಮಾನ ಹೋಗ್ತೈತಿ ಅಂತಿದ್ದಿ. ಜಾಗಿದ್ರ ನೀ ಇಲ್ಲೇ ಇರ್ತಿ ಅಂತ ಹಾಕಿಸಿದ್ದು ಇದು. ನಿನ್ನ ಇಲ್ಲಿ ಇಟ್ಕೊಳ್ಳಾಕ ಒಂದು ಎಮ್ಮಿ ಸಾಕಂತ ನನಗ ಯಾರು ಹೇಳ್ಯಾರ?"

ಈ ಸಲ ನಾನು "ಆಗಲಿ" ಎನ್ನಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಲ್ಲಿನ ಇನ್ನೊಂದು ತುದಿಗೆ ಕೈ ಹಚ್ಚಿದೆ.