ನರಸಮ್ಮ ಅನ್ನಬೇಡಿ

ನಮ್ಮ ನರಸೀಪುರದ ಕಡೆ ಬಿಳಿ ಸೀರೆ ಉಟ್ಟು, ಚೀಲ ಹಿಡಿದು ಯಾರು ಬಂದರೂ ಜನರ ಬಾಯಲ್ಲಿ ಅವಳು ನರಸಮ್ಮ, ಅಂದರೆ ನರ್ಸು. ಓದಿದ್ದಾಳೋ ಇಲ್ಲವೋ ಯಾರು ಕೇಳುತ್ತಾರೆ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಕೇಳುತ್ತಿದ್ದವರು ಒಬ್ಬರೇ, ಮರಿತಾಯಮ್ಮ.

ನಂಜನಗೂಡು ತಾಲ್ಲೂಕಿನಲ್ಲಿ ಇಪ್ಪತ್ತೆಂಟು ವರ್ಷ ಸರ್ಕಾರಿ ನರ್ಸ್ ಆಗಿ ದುಡಿದು, ೧೯೯೯ರಲ್ಲಿ ನಿವೃತ್ತರಾದವರು ಅವರು. ಸುಮ್ಮನೆ ಕೂರುವ ಜಾಯಮಾನವಲ್ಲ. ನರಸೀಪುರದ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಹಿಡಿದರು. ಹಾಸಿಗೆ ಹಿಡಿದವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳಲು ಹೆಂಗಸರನ್ನು ಕಳಿಸುವ ಸೇವೆ ಶುರು ಮಾಡಿದರು. ಒಂಬತ್ತು ಹೆಂಗಸರಿದ್ದರು. ನರ್ಸಿಂಗ್ ಕೌನ್ಸಿಲ್ಲಿನಲ್ಲಿ ನೋಂದಣಿ ಆದವರು ಇಬ್ಬರೇ. ಮಿಕ್ಕವರು ರೋಗಿಯ ಮೈ ಒರೆಸಬಹುದು, ಮಗ್ಗುಲು ಬದಲಿಸಬಹುದು, ಉಣಿಸಬಹುದು. ಸೂಜಿ ಮುಟ್ಟುವಂತಿಲ್ಲ. ನರಸಮ್ಮ ಅಂತ ಕರೆಸಿಕೊಳ್ಳುವಂತೆಯೂ ಇಲ್ಲ.

ಕೆಲಸ ಕೇಳಿ ಬಂದವರು ಸರ್ಟಿಫಿಕೇಟಿನ ಜೆರಾಕ್ಸ್ ಚಾಚಿದರೆ, "ಅಸಲು ತಕ್ಕೊಂಬಾ" ಅನ್ನುವರು. ಅಸಲು ತಂದರೆ ಬೆಳಕಿಗೆ ಹಿಡಿದು ಮೊಹರು ನೋಡುವರು, ತಾರೀಖು ನೋಡುವರು. "ಬೆಳ್ಳಗಿರೋದೆಲ್ಲ ಹಾಲಲ್ಲ ಕಣವ್ವ." ಸ್ವಂತ ನಾದಿನಿಯ ಮಗಳನ್ನೇ ಹೀಗೆ ವಾಪಸು ಅಟ್ಟಿದ್ದಕ್ಕೆ ಆ ವರ್ಷ ಗೌರಿ ಹಬ್ಬಕ್ಕೆ ಕರೆಯೇ ಬರಲಿಲ್ಲ. ಬರದಿದ್ದರೆ ಬಿಡು ಅಂದರು. ನಕಲಿ ನರ್ಸೊಬ್ಬಳು ಹಾಕಿದ ಸೂಜಿಯಿಂದ ಮಗುವೊಂದರ ಕಾಲು ಸೋತು ಹೋದದ್ದನ್ನು ಅವರು ಸರ್ವಿಸ್ಸಿನಲ್ಲಿದ್ದಾಗ ಕಣ್ಣಾರೆ ಕಂಡಿದ್ದರು.

ನರಸಮ್ಮ ಅನ್ನುವ ಹೆಸರಿನ ವಿಷಯಕ್ಕೆ ಅವರಿಗೆ ಎದುರಾಡಿದವಳು ಕೋಮಲ. ಹುಲ್ಲಹಳ್ಳಿಯ ಹುಡುಗಿ, ಪಿಯುಸಿ ಪಾಸು, ಗಂಡ ತಾಂಡ್ಯದ ಫ್ಯಾಕ್ಟರಿಯಲ್ಲಿ. ಸೋಸಲೆಯಲ್ಲಿ ಸಕ್ಕರೆ ಕಾಯಿಲೆಯ ಜೊತೆಗೆ ಲಕ್ವವೂ ಹೊಡೆದು ಮಲಗಿದ್ದ ಚಿಕ್ಕಬಸಪ್ಪನವರ ಆರೈಕೆ ಅವಳದು. ಕೆಲಸದಲ್ಲಿ ಹುಳುಕು ಹುಡುಕುವ ಹಾಗಿರಲಿಲ್ಲ.

"ನರಸಮ್ಮ ಅಂದ್ರೆ ಒಳಕ್ಕೆ ಕರೀತಾರೆ ಅಮ್ಮ. ಆರೈಕೆಯವಳು ಅಂದ್ರೆ, ಯಾವ ಬೀದಿಯವಳು ಅಂತ ಕೇಳ್ತಾರೆ. ಆ ಒಂದು ಮಾತ್ನ ಕಿತ್ಕೋಬೇಡಿ" ಅಂದಳು.

ಮರಿತಾಯಮ್ಮನಿಗೆ ಇದು ಗೊತ್ತಿಲ್ಲದ್ದೇ? ಅವರೂ ಅಂಥದೇ ಬೀದಿಯಿಂದ, ಊರಾಚೆಯ ಕೇರಿಯಿಂದ ಬಂದವರು. ಬೊಗಸೆಗೆ ಮೇಲಿನಿಂದ ನೀರು ಹುಯ್ಯುತ್ತಿದ್ದ ಮನೆಯವರೇ, ಅವರು ಬಿಳಿ ಸೀರೆ ಉಟ್ಟ ವಾರದಲ್ಲಿ ಲೋಟ ಕೈಗೆ ಕೊಟ್ಟಿದ್ದರು. ಆದರೂ ಬಗ್ಗಲಿಲ್ಲ.

"ಕಿತ್ಕೊಳ್ಳಾಕೆ ಅದು ಇನ್ನೂ ನಿನ್ನತ್ರ ಬಂದೇ ಇಲ್ಲ ಕಣವ್ವ. ಓದಿ ತಕ್ಕೊ."

ಕೋಮಲ ಮುಖ ಊದಿಸಿಕೊಂಡು ಹೊರಟುಹೋದಳು.

ಒಂದು ತಿಂಗಳು ಕಳೆದಿತ್ತು, ಜಿಲ್ಲಾ ಆರೋಗ್ಯ ಕಚೇರಿಯ ಜೀಪು ಬಂತು. ೨೦೦೬ರ ಮಾತು. ಸೋಸಲೆಯ ಮನೆಯಲ್ಲಿ ನೋಂದಣಿ ಇಲ್ಲದ ಹೆಂಗಸು ನರಸಮ್ಮ ಅಂತ ಹೇಳಿಕೊಂಡು ಸೂಜಿ ಹಾಕುತ್ತಿದ್ದಾಳೆಂದು ಯಾರೋ ಸಹಿ ಇಲ್ಲದ ಅರ್ಜಿ ಹಾಕಿದ್ದರು. ನಿಜವಾದರೆ ಬೋರ್ಡು ಇಳಿಸಬೇಕು, ಒಂಬತ್ತು ಹೆಂಗಸರೂ ಮನೆಗೆ. ಅಧಿಕಾರಿ ಕಡತವನ್ನೆಲ್ಲ ತಿರುವಿ ಹಾಕಿ, "ಕಾಗದ ಸರಿಯಾಗಿದೆ. ಮನೆ ನೋಡೋಣ ನಡೀರಿ" ಅಂದರು.

ಜೀಪಿನಲ್ಲಿ ಮರಿತಾಯಮ್ಮನಿಗೆ ಅನುಮಾನ ಶುರುವಾಯಿತು. ಕೋಮಲಳ ಕೈ ಚುರುಕು, ಸೂಜಿ ಹಾಕುವುದನ್ನು ನೋಡಿ ನೋಡಿಯೇ ಕಲಿತಿರುತ್ತಾಳೆ. ಮೇಲೆ ಆ ಕೋಪ ಬೇರೆ. ಹಾಕಿದ್ದರೂ ಹಾಕಿರಬಹುದು.

ಕೋಮಲ ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದಳು. ಬಾಗಿಲಿಗೆ ಬಂದವರು ಚಿಕ್ಕಬಸಪ್ಪನವರ ಹೆಂಡತಿ ಗುರುಬಸಮ್ಮ.

"ನಿಮ್ಮ ಮನೆ ನರಸಮ್ಮ ಎಲ್ಲಿ?" ಅಧಿಕಾರಿ ಬೇಕೆಂದೇ ಹಾಗೆ ಕೇಳಿದರು.

"ಅಂಗನ್ಬೇಡಿ ಸಾ, ಅವಳು ಕೇಳುಸ್ಕೊಂಡ್ರೆ ಬಯ್ತಾಳೆ" ಅಂದರು ಗುರುಬಸಮ್ಮ. "ಮದ್ಲೆಲ್ಲ ನಾವೂ ಅಂಗೇ ಕರೀತಿದ್ದೊ. ಈಗೊಂದು ತಿಂಗಳಿಂದ, ನಾನು ನರಸಮ್ಮ ಅಲ್ಲ, ಇನ್ನೂ ಆಗಿಲ್ಲ, ಕೋಮಲ ಅನ್ನಿ ಅಂತಾಳೆ."

"ಸಕ್ಕರೆ ಕಾಯಿಲೆಗೆ ಸೂಜಿ ಯಾರು ಹಾಕೋದು?"

"ನಾನೇ. ಡಾಕ್ಟ್ರು ಕಲಿಸವ್ರೆ. ಮೊನ್ನೆ ನನ್ ಕೈ ನಡುಗ್ತು ಸಾ, ನೀನೇ ಹಾಕವ್ವ ಅಂತ ಬೇಡ್ಕಂಡೆ. ನಂಗೆ ಹಕ್ಕಿಲ್ಲ ಅಂದ್ಬುಟ್ಟು, ಓಡೋಗಿ ಸರ್ಕಾರಿ ನರಸಮ್ಮನ್ನ ಕರ್ಕಂಬಂದ್ಲು."

ಮರಿತಾಯಮ್ಮನಿಗೆ ಮಿಕ್ಕದ್ದೊಂದೂ ಕೇಳಿಸಲಿಲ್ಲ. ಇನ್ನೂ ಆಗಿಲ್ಲ ಅಂದಳಂತೆ. ತನ್ನ ಹುಡುಗಿಯನ್ನೇ ಶಂಕಿಸಿದೆನಲ್ಲ ಎಂದು ನಾಚಿಕೆಯಾಯಿತು. ಅಧಿಕಾರಿ ಆ ಅರ್ಜಿಯ ಮೇಲೆ ಅಡ್ಡಗೆರೆ ಎಳೆದು, ಗುರುಬಸಮ್ಮ ಕೊಟ್ಟ ಮಜ್ಜಿಗೆ ಕುಡಿದು ಹೊರಟರು. ಮರುದಿನ ಮರಿತಾಯಮ್ಮ ನರ್ಸಿಂಗ್ ತರಬೇತಿಯ ಅರ್ಜಿ ತಂದು, ಕೋಮಲಳನ್ನು ಎದುರಿಗೆ ಕೂರಿಸಿಕೊಂಡು ತುಂಬಿಸಿದರು.

೨೦೦೯ರ ಒಂದು ಬೆಳಿಗ್ಗೆ ಕೋಮಲ ಆ ಕೋಣೆಯ ಬಾಗಿಲಲ್ಲಿ ನಿಂತಳು, ಕೈಯಲ್ಲಿ ಕೌನ್ಸಿಲ್ಲಿನ ನೋಂದಣಿ ಪತ್ರ. ಮರಿತಾಯಮ್ಮ ಮುಖ ನೋಡಲಿಲ್ಲ, ಕೈ ಚಾಚಿದರು.

"ಅಸಲೋ, ಜೆರಾಕ್ಸೋ?"

"ಅಸಲು ಅಮ್ಮ."

ಬೆಳಕಿಗೆ ಹಿಡಿದರು. ಮೊಹರು ನೋಡಿದರು, ತಾರೀಖು ನೋಡಿದರು, ನಂಬರನ್ನು ಪುಸ್ತಕಕ್ಕೆ ಬರೆದುಕೊಂಡರು. ಪತ್ರವನ್ನು ವಾಪಸು ಕೊಟ್ಟು, ಮಂಡಿ ನೋವಿನ ಆ ಹೆಂಗಸು ಮೇಜು ಹಿಡಿದುಕೊಂಡು ಎದ್ದು ನಿಂತರು.

"ಕೂತ್ಕೊಳ್ಳಿ, ನರಸಮ್ಮ."

ಕೋಮಲ ಕೂರಲಿಲ್ಲ. ಪತ್ರವನ್ನು ಎದೆಗೆ ಅವಚಿಕೊಂಡು ಅತ್ತುಬಿಟ್ಟಳು.

"ಅಸಲು ನೆನೀತದೆ ಕಣೆ, ಇತ್ಲಾಗೆ ಕೊಡು" ಅಂದರು ಮರಿತಾಯಮ್ಮ, ಸೆರಗಿನಿಂದ ತಮ್ಮ ಕಣ್ಣೊರೆಸಿಕೊಳ್ಳುತ್ತ.