ಅತ್ತೆ ಕಲಿಸಿದ ‘ಆಯ್ತು’

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಸೋದರತ್ತೆಯನ್ನು ಹೊಗಳುವವರ ಮೇಲೆ ಯಾವ ಗಾದೆಯೂ ಇಲ್ಲ, ಹಾಗಾಗಿ ನಾನು ಧೈರ್ಯವಾಗಿ ಹೊಗಳುತ್ತೇನೆ. ನನ್ನ ಅತ್ತೆ, ಅಪ್ಪನ ಅಕ್ಕ, ನಮ್ಮ ಬೀದಿಯ ಟೈಲರ್. ನಮ್ಮ ಮನೆಯ ಮೆಟ್ಟಿಲ ಕೆಳಗಿನ ಒಂದು ಕೋಣೆ, ಕಾಲಲ್ಲಿ ತುಳಿಯುವ ಮೆಷಿನ್ನು, ಗೋಡೆಯ ಮೊಳೆಗಳಲ್ಲಿ ನೇತಾಡುವ ಅರ್ಧ ಹೊಲಿದ ಬಟ್ಟೆಗಳು. ಗುರುವಾರ ಕೊಡುತ್ತೇನೆ ಎಂದು ಗುರುವಾರವೇ ಕೊಡುವ ಟೈಲರನ್ನು ನೀವು ಎಲ್ಲಾದರೂ ಕಂಡಿದ್ದರೆ ಹೇಳಿ. ನಾನು ಕಂಡದ್ದು ಇವಳೊಬ್ಬಳನ್ನೇ.

ಆ ಮಾತಿನ ಬಲ ನೋಡಿಯೇ ಇಂಟರ್ನೆಟ್ ಫೋನ್ ಕಂಪನಿಯವನೊಬ್ಬ ಅವಳನ್ನು ಹಿಡಿದ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದವನು ಅಲ್ಲೇ ಸ್ಟೂಲು ಎಳೆದು ಕೂತ. ಎದೆಯ ಮೇಲೆ, ಬಹಳ ಜನರನ್ನು ಸೇರಿಸಿದ್ದಕ್ಕೆ ಕಂಪನಿ ಕೊಟ್ಟ ‘ಡೈಮಂಡ್’ ಎಂಬ ಬಿಲ್ಲೆ, ಆದ್ದರಿಂದ ನಮ್ಮ ಬಾಯಲ್ಲಿ ಅವನು ಡೈಮಂಡಣ್ಣ. ಪುಟ್ಟ ಡಬ್ಬಿಯೊಂದನ್ನು ಇಂಟರ್ನೆಟ್ಟಿಗೆ ಸಿಕ್ಕಿಸಿದರೆ ಯಾವ ದೇಶಕ್ಕೆ ಬೇಕಾದರೂ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದಂತೆ. ಅತ್ತೆ ತನ್ನ ಕೆಳಗೆ ಇಬ್ಬರನ್ನು ಸೇರಿಸಬೇಕು, ಆ ಇಬ್ಬರು ತಮ್ಮ ಕೆಳಗೆ ಇಬ್ಬಿಬ್ಬರನ್ನು. ಕೆಳಗೆ ಸೇರಿದವರು ಕೊಂಡ ಪ್ರತಿ ಡಬ್ಬಿಗೂ ಮೇಲಿನವರಿಗೆ ಕಮಿಷನ್ನು. ಬೀದಿಯ ಅರ್ಧ ಮನೆಗಳಲ್ಲಿ ಯಾರಾದರೊಬ್ಬರು ಹೊರದೇಶದಲ್ಲಿ ದುಡಿಯುತ್ತಿದ್ದರು. ಅತ್ತೆ ಹೇಳಿದಳೆಂದು ಎಲ್ಲರೂ ಡಬ್ಬಿ ಕೊಂಡರು. ಮಹಡಿ ಮೇಲಿನ ನರ್ಸಮ್ಮನೂ ಅತ್ತೆಯ ಕೆಳಗೆ ಸೇರಿದಳು. “ಮೇಲಿರೋಳೂ ನಾನೇ, ಕೆಳಗಿರೋಳೂ ನಾನೇ,” ಎಂದು ಮೆಟ್ಟಿಲಿಳಿಯುವಾಗೆಲ್ಲ ನಗುತ್ತಿದ್ದಳು.

ನಗು ಬಹಳ ದಿನ ಉಳಿಯಲಿಲ್ಲ. ಡಬ್ಬಿ ಮಾತನ್ನು ನುಂಗುತ್ತಿತ್ತು. ಈ ಕಡೆ ಹೇಳಿದ್ದು ಆ ಕಡೆ ತಡವಾಗಿ ಮುಟ್ಟುತ್ತಿತ್ತು. ಅಷ್ಟರಲ್ಲಿ ಇವರು ಇನ್ನೊಂದು ಮಾತು ತೆಗೆದು, ಇಬ್ಬರ ಮಾತೂ ಡಿಕ್ಕಿ ಹೊಡೆದು, “ಹಲೋ, ಕೇಳ್ತಾ ಇದೆಯಾ” ಅನ್ನುವುದರಲ್ಲೇ ಕರೆ ಮುಗಿಯುತ್ತಿತ್ತು. ದೂರು ಹೇಳಿದರೆ ಡೈಮಂಡಣ್ಣ, “ಡಬ್ಬಿ ಚೆನ್ನಾಗಿದೆ ಮೇಡಂ, ನಿಮ್ಮ ಆಲೋಚನೆ ಪಾಸಿಟಿವ್ ಆಗ್ಬೇಕು,” ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಅವಳಿಗಿಂತ ಒಂದು ಕೈ ಮೇಲು, ನೋಡುವವರ ಕಣ್ಣೇ ಡೊಂಕು ಎನ್ನುವವನು.

ಅತ್ತೆ ಕೈಕಟ್ಟಿ ಕೂರುವವಳಲ್ಲ. ಒಂದು ಉಪಾಯ ಹುಡುಕಿದಳು. ನಿಮ್ಮ ಸರದಿಯ ಮಾತು ಮುಗಿದ ಮೇಲೆ ‘ಆಯ್ತು’ ಅನ್ನಿ, ಅದು ಕೇಳಿಸುವವರೆಗೆ ಆ ಕಡೆಯವರು ಬಾಯಿ ಬಿಡಬಾರದು. ಮನೆಮನೆಗೆ ಹೋಗಿ ಇದನ್ನು ಕಲಿಸಿದಳು. ಚೆನ್ನಾಗಿಯೇ ನಡೆಯಿತು. “ಊಟ ಮಾಡಿದ್ಯಾ, ಆಯ್ತು.” “ಇನ್ನೂ ಮಾಡಿಲ್ಲ, ಆಯ್ತು.” ಕೊನೆಕೊನೆಗೆ ಬೀದಿಯ ಗಂಡಹೆಂಡಿರ ಜಗಳದಲ್ಲೂ ಈ ಆಯ್ತು ನುಸುಳಿ, ಜಗಳ ಅರ್ಧಕ್ಕೇ ನಗೆಯಾಗುತ್ತಿತ್ತು.

ಎಡವಟ್ಟಾದದ್ದು ಕ್ಷೌರದಂಗಡಿಯಲ್ಲಿ. ಅದು ಅಣ್ಣತಮ್ಮಂದಿರಿಬ್ಬರಿಗೆ ಅಪ್ಪ ಬಿಟ್ಟುಹೋದ ಅಂಗಡಿ. ಅಣ್ಣ ಇಲ್ಲಿ ಕತ್ತರಿ ಹಿಡಿದಿದ್ದ, ತಮ್ಮ ಹೊರದೇಶದ ಹೋಟೆಲೊಂದರಲ್ಲಿ ಅಡುಗೆಯವನು. ಪಕ್ಕದ ಬೇಕರಿಯವನು, ಗೋಡೆ ಒಡೆದು ತನ್ನ ಅಂಗಡಿ ದೊಡ್ಡದು ಮಾಡುತ್ತೇನೆ, ಮಾರುತ್ತೀರಾ ಎಂದು ಕೇಳಿದ. ಅಣ್ಣ ಡಬ್ಬಿಯಿಂದ ತಮ್ಮನಿಗೆ ಫೋನ್ ಮಾಡಿದ. ತಮ್ಮ ಹೇಳಿದ್ದು, “ಅಂಗಡಿ ಮಾರೋದು ಬೇಡ. ಆಯ್ತು.” ಡಬ್ಬಿ ‘ಬೇಡ’ವನ್ನು ನುಂಗಿಕೊಂಡಿತು. ಅಣ್ಣನಿಗೆ ಕೇಳಿಸಿದ್ದು, “ಅಂಗಡಿ ಮಾರೋದು ಆಯ್ತು.” ಹೋಗಿ ಬೇಕರಿಯವನಿಗೆ ಮಾತು ಕೊಟ್ಟ, ಕನ್ನಡಿಗಳನ್ನು ಇಳಿಸಿ ಮೂಲೆಗೆ ಒರಗಿಸಿದ.

ಸುದ್ದಿ ಮುಟ್ಟಿದ್ದೇ ತಮ್ಮ ರಜೆ ಹಾಕಿ ಬಂದಿಳಿದ. ಅಂಗಡಿಯೊಳಗಿನ ಕೂಗಾಟ ನಮ್ಮ ಮೆಟ್ಟಿಲವರೆಗೂ ಕೇಳುತ್ತಿತ್ತು.

“ಬೇಡ ಅಂತ ಹೇಳಿದ್ದೆ ತಾನೇ?”

“ನೀನೇ ಆಯ್ತು ಅಂದ್ಯಲ್ಲೋ. ಈಗ ಬೇಕರಿಯವರ ಮುಂದೆ ನನ್ನ ಮುಖ ಎಲ್ಲಿಟ್ಕೊಳ್ಲಿ?”

“ದುಡ್ಡಿನ ಆಸೆಗೆ ಕಿವಿ ಮುಚ್ಕೊಂಡೆ ಅನ್ನು.”

ಅಣ್ಣ ಕೈಯೆತ್ತಿದ. ಅಕ್ಕಪಕ್ಕದವರು ಹೋಗಿ ಹಿಡಿದುಕೊಂಡರು.

ಅದೇ ಸಂಜೆ ಕಂಪನಿಯ ಸಭೆಯಲ್ಲಿ ಅತ್ತೆಗೆ ‘ಗೋಲ್ಡ್’ ಬಿಲ್ಲೆ ಕೊಡುವುದಿತ್ತು. ಡೈಮಂಡಣ್ಣ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ್ದ. ಅತ್ತೆ ಜಗಳದ ಕಡೆ ಹೊರಡಲು ಎದ್ದದ್ದು ನೋಡಿ ತಡೆದ. “ಅಣ್ಣತಮ್ಮಂದಿರ ಜಗಳ ನಮಗ್ಯಾಕೆ ಮೇಡಂ? ನೀವು ಹೋಗಿ ಒಪ್ಕೊಂಡ್ರೆ ಡಬ್ಬಿ ಕೆಟ್ಟದ್ದು ಅಂತಾಗತ್ತೆ. ನಿಮ್ಮ ಕೆಳಗಿನೋರೆಲ್ಲ ಬಿಟ್ಟುಹೋಗ್ತಾರೆ.”

“ಅವರು ನನ್ನ ಕೆಳಗಿನೋರಲ್ಲಪ್ಪ, ಅಕ್ಕಪಕ್ಕದೋರು,” ಎಂದಳು ಅತ್ತೆ.

ಅಳತೆಯ ಟೇಪು ಕೊರಳಲ್ಲಿರುವಂತೆಯೇ ಚಪ್ಪಲಿ ಮೆಟ್ಟಿ ಕ್ಷೌರದಂಗಡಿಗೆ ನಡೆದಳು. ನಾನು ಹೆದರಿಕೊಂಡೇ ಹಿಂದೆ ಹೋದೆ. ಅವಳ ಹತ್ತಿರ ಇದ್ದದ್ದು ಒಂದೇ ಆಸ್ತಿ, ಅವಳು ಹೇಳಿದ್ದನ್ನು ಜನ ನಂಬುತ್ತಿದ್ದರು. ಇವತ್ತು ಅದನ್ನೂ ಕಳೆದುಕೊಂಡರೆ ಮೆಷಿನ್ನಿಗೆ ಬಟ್ಟೆ ಹೊದಿಸಿ ಕೂರುವುದೊಂದೇ ಉಳಿಯುವುದು ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಅಂಗಡಿಯಲ್ಲಿ ಬೀದಿಯೇ ಸೇರಿತ್ತು. ಅತ್ತೆ ತಿರುಗುವ ಕುರ್ಚಿಯ ಪಕ್ಕ ನಿಂತಳು.

“ಇವನೂ ಸುಳ್ಳು ಹೇಳ್ತಿಲ್ಲ, ಅವನೂ ಹೇಳ್ತಿಲ್ಲ. ಆ ‘ಆಯ್ತು’ ನಂದು. ಮಾತು ಮುಗೀತು ಅನ್ನೋಕೆ ನಾನು ಕಲಿಸಿದ್ದು. ಒಪ್ಪಿಗೆ ಅಂತ ಕೇಳಿಸ್ಬಹುದು ಅಂತ ನನಗೆ ಹೊಳೀಲಿಲ್ಲ. ಡಬ್ಬಿ ಸರಿಯಿಲ್ಲ ಅಂತ ಗೊತ್ತಾದ ದಿನವೇ ವಾಪಸ್ ಕೊಟ್ಬಿಡಿ ಅನ್ಬೇಕಿತ್ತು, ನಾನು ಅದಕ್ಕೆ ತೇಪೆ ಹಾಕ್ತಾ ಕೂತೆ. ಬೇಕರಿಯಣ್ಣ, ಇವನು ನಿಮಗೆ ಮಾತು ಕೊಟ್ಟಿದ್ದು ನನ್ನ ತಪ್ಪಿಂದ. ಬೈಯೋದಿದ್ರೆ ನನಗೆ ಬೈಯಿರಿ.”

ಬೇಕರಿಯವನು ಗೊಣಗಿದ, ತಲೆ ಕೆರೆದುಕೊಂಡ, ಕೊನೆಗೆ “ಹೋಗ್ಲಿ ಬಿಡಿ” ಎಂದ. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದೆ ಕನ್ನಡಿಗಳನ್ನು ಎತ್ತಿ ಮತ್ತೆ ಗೋಡೆಗೆ ಹಾಕಿದರು. ಮರುದಿನ ಅತ್ತೆ ಡಬ್ಬಿ ಕೊಂಡ ಪ್ರತಿ ಮನೆಗೂ ಹೋಗಿ ಅದೇ ಮಾತು ಹೇಳಿದಳು, ಇನ್ನು ಯಾರನ್ನೂ ಸೇರಿಸಬೇಡಿ ಎಂದಳು. ಕೆಲವರು ಹೊಸಿಲಲ್ಲೇ ನಿಲ್ಲಿಸಿ ಬೈದರು. ನರ್ಸಮ್ಮ ಮೆಟ್ಟಿಲಿಳಿಯುವಾಗ ಈ ಕಡೆ ತಿರುಗಿಯೂ ನೋಡಲಿಲ್ಲ. ಹೊಲಿಸಲು ಬರುವವರು ಕಡಿಮೆಯಾದರು. ಮೆಷಿನ್ನಿನ ಸದ್ದಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು. ನನಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ತಮ್ಮ ವಾಪಸು ಹೊರಡುವ ಮುಂಚೆ ಇಬ್ಬರೂ ಒಟ್ಟಿಗೆ ನಮ್ಮ ಬಾಗಿಲಿಗೆ ಬಂದರು. ಅಣ್ಣನೇ ಮಾತಾಡಿದ.

“ಅಕ್ಕಾ, ಅಂಗಡೀಲಿ ಯಾರದೇನು ಅಂತ ಇವತ್ತೇ ತೀರ್ಮಾನ ಮಾಡ್ಕೋತೀವಿ. ನಡುವೆ ಒಬ್ರು ಕೂತ್ಕೋಬೇಕು.”

“ನನ್ನಿಂದ ಆಗಿದ್ದು ಸಾಲ್ದೇನಪ್ಪ? ಯಾರಾದ್ರೂ ದೊಡ್ಡೋರನ್ನ ಕರೀರಿ.”

“ತಪ್ಪಾದ್ರೆ ತಪ್ಪು ಅನ್ನೋರು ಬೇಕು,” ಎಂದ ತಮ್ಮ. “ಈ ಬೀದೀಲಿ ನಾವು ನೋಡಿರೋದು ನಿಮ್ಮೊಬ್ರನ್ನೇ. ಬನ್ನಿ.”

ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಸೂಜಿಯನ್ನು ನನ್ನ ಕೈಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ಅಣ್ಣ ಒಂದು ಪಕ್ಕ, ತಮ್ಮ ಒಂದು ಪಕ್ಕ, ನಡುವೆ ಅವಳು, ಬೀದಿಯ ಉದ್ದಕ್ಕೂ ನಡೆದು ಹೋದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಅಪರಿಚಿತರು ನನ್ನನ್ನೇನೂ ಕೇಳಿರಲಿಲ್ಲ. ಆದರೂ ಅವರನ್ನು ತಡೆದು ನಿಲ್ಲಿಸಿ ಹೇಳಿದೆ, “ಅವರು ನಮ್ಮತ್ತೆ.”