ಗೂಡಿನ ಮುಂದಿನ ಕೊಂಬೆ

ಸರ್ಜಾಪುರದ ಕೆರೆಯಂಚಿನ ಆಲದ ಮರದಲ್ಲಿ ಹದ್ದಿನ ಗೂಡು, ಅದರಲ್ಲೊಂದು ಮರಿ ಇತ್ತು. ಸಂಶೋಧನೆಗೆ ಬಂದಿದ್ದ ಮೇಡಂ ಅದರೆದುರು ಕ್ಯಾಮೆರಾ ಕಟ್ಟಿಸಿ, ಫೋಟೊ ತುಂಬಿದ ಕಾರ್ಡು ಬದಲಿಸುವ ಕೆಲಸವನ್ನು ನನಗೆ ಕೊಟ್ಟಿದ್ದರು. ಎದುರಿಗೆ ಏನು ಅಲುಗಿದರೂ ಅದು ಫೋಟೊ ತೆಗೆಯುತ್ತಿತ್ತು.

“ಏನ್ ತಾತ, ಬರೀ ಎಲೆ ಫೋಟೋನೇ ಇದೆ! ಹದ್ದೆಲ್ಲಿ?” ಎಂದು ಮೊದಲ ಕಾರ್ಡು ನೋಡಿದ ಮೇಡಂ ನಕ್ಕರು.

ನನಗೆ ಅವಮಾನವಾಯಿತು. ಮರುದಿನವೇ ಪಕ್ಕದ ಬಂಡೆ ಹತ್ತಿ, ಗೂಡಿನ ಮುಂದೆ ತೂಗುತ್ತಿದ್ದ ಕೊಂಬೆಯನ್ನು ಉದ್ದನೆಯ ದೋಟಿಯಿಂದ ಕಡಿದುಹಾಕಿದೆ. ಮರಿಗಿದ್ದ ನೆರಳು ಅದೊಂದೇ ಎಂದು ನನಗೆ ಹೊಳೆಯಲೇ ಇಲ್ಲ. ಮೂರು ದಿನದ ಬಿಸಿಲಿಗೆ ಮರಿ ಸತ್ತಿತು.

“ಪಾಪ, ಮರಿ ಹೋಯ್ತು. ಆದ್ರೆ ಫೋಟೋ ಸಕ್ಕತ್ತಾಗಿ ಬಂದಿದೆ ತಾತ!” ಎಂದರು ಮೇಡಂ. ವರದಿಯಲ್ಲಿ ಬಿಸಿಲಿನಿಂದ ಸಾವು ಎಂದು ಬರೆದರು. ಎಂಥ ಓದು ಅದು? ಎಲೆಗಳೆಲ್ಲ ಎಲ್ಲಿ ಹೋದವೆಂದು ಅವರು ಕೇಳಲಿಲ್ಲ. ಬಾಯಿದ್ದ ನಾನು ಯಾಕೆ ಹೇಳಲಿಲ್ಲ?